ದಾದಿಯ ವಿವೇಕ

ದಾದಿಯರನ್ನು ಕುರಿತು ಮಾತು ಬಂದಾಗಲೆಲ್ಲ ಕರುಣೆ, ತ್ಯಾಗ, ಸೇವೆ ಎಂಬ ಪದಗಳು ನಮ್ಮ ನಾಲಿಗೆಗೆ ಸಲೀಸಾಗಿ ಬರುತ್ತವೆ. ವಿವೇಕ ಎಂಬ ಪದ ಮಾತ್ರ ಬರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳೊಡನೆ ವಿಮಾನವೇರಿದ ಅಮೆರಿಕದ ಸೇನಾ ದಾದಿಯರ ಚರಿತ್ರೆಯನ್ನು ಓದುವವರಿಗೆ ಈ ಕೊರತೆ ಕಾಣದಿರದು.

1943ರ ಜನವರಿ 17ರಂದು ಅಂದಿನ ಅವಿಭಜಿತ ಭಾರತದ ಕರಾಚಿಯಿಂದ ಐವರು ರೋಗಿಗಳನ್ನು ಹೊತ್ತ ವಿಮಾನವೊಂದು ಅಮೆರಿಕದತ್ತ ಹೊರಟಿತು. ಅವರ ಹೊಣೆ ಲೆಫ್ಟಿನೆಂಟ್ ಎಲ್ಸಿ ಆಟ್ ಎಂಬ ದಾದಿಯದು. ಆಕೆ ಅದಕ್ಕೆ ಮುನ್ನ ವಿಮಾನ ಹತ್ತಿದವಳೇ ಅಲ್ಲ. ರೋಗಿಗಳಲ್ಲಿ ಇಬ್ಬರಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ, ಒಬ್ಬನಿಗೆ ಕ್ಷಯ. ಜೊತೆಗೆ ವೈದ್ಯರಿಲ್ಲ. ಹಡಗಿನಲ್ಲಾದರೆ ಮೂರು ತಿಂಗಳು ಹಿಡಿಯಬಹುದಾಗಿದ್ದ ಪ್ರಯಾಣ ಆರೂವರೆ ದಿನಗಳಲ್ಲಿ ಮುಗಿಯಿತು. ಏರ್ ಮೆಡಲ್ ಗೌರವಕ್ಕೆ ಪಾತ್ರಳಾದ ಮೊದಲ ಮಹಿಳೆ ಆಕೆ.

ಮರುತಿಂಗಳೇ ಕೆಂಟಕಿಯ ಬೋಮನ್ ಫೀಲ್ಡ್‌ನಲ್ಲಿ ವಿಮಾನ ದಾದಿಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಿತ್ತು. ಎತ್ತರಕ್ಕೇರಿದಂತೆ ಗಾಳಿಯ ಒತ್ತಡ ಕುಗ್ಗಿ, ದೇಹದೊಳಗೆ ಸಿಲುಕಿದ ವಾಯು ಹಿಗ್ಗುತ್ತದೆ. ಎದೆಗೋ ಹೊಟ್ಟೆಗೋ ಗುಂಡು ತಗುಲಿದವನಿಗೆ ಅದರಿಂದಲೇ ಪ್ರಾಣಾಪಾಯ. ಯಾರಿಗೆ ಆಮ್ಲಜನಕ, ಯಾರಿಗೆ ನೋವಿನ ಮದ್ದು ಎಂಬುದನ್ನು ಸಾವಿರಾರು ಅಡಿ ಮೇಲೆ ಆಕೆಯೇ ನಿರ್ಧರಿಸಬೇಕು. ಅದೇ ವಿಮಾನ ಹೋಗುವಾಗ ಸೈನಿಕರನ್ನೂ ಯುದ್ಧಸಾಮಗ್ರಿಯನ್ನೂ ಒಯ್ಯುತ್ತಿದ್ದುದರಿಂದ ರೆಡ್ ಕ್ರಾಸ್ ಚಿಹ್ನೆಯ ರಕ್ಷಣೆಯೂ ಅದಕ್ಕಿರಲಿಲ್ಲ. ಯುದ್ಧ ಮುಗಿಯುವ ವೇಳೆಗೆ ಹೀಗೆ ಸಾಗಿಸಲಾದ 11 ಲಕ್ಷಕ್ಕೂ ಮಿಕ್ಕ ರೋಗಿಗಳಲ್ಲಿ ಹಾರಾಟದ ನಡುವೆ ಅಸುನೀಗಿದವರು ಕೇವಲ 46 ಮಂದಿ. ವಿಮಾನ ದಾದಿಯರಲ್ಲಿ 17 ಮಂದಿ ಪ್ರಾಣ ತೆತ್ತರು. ಇಂಥವರಿಗೂ ಸೇನೆಯಲ್ಲಿ 1944ರವರೆಗೆ ಇದ್ದುದು ಹೆಸರಿನ ಅಧಿಕಾರಿ ದರ್ಜೆ!

ನಾಲ್ಕು ಮೂಲ ಸದ್ಗುಣಗಳಲ್ಲಿ ಸಂತ ತೋಮಸ್ ಅಕ್ವಿನಾಸರು ಅಗ್ರಸ್ಥಾನವಿತ್ತದ್ದು ವಿವೇಕಕ್ಕೆ. ಅದನ್ನು ಗಂಡಸರ ಪಾಲಿಗೂ ಮರುಕವನ್ನು ಹೆಂಗಸರ ಪಾಲಿಗೂ ಅವರು ಹಂಚಲಿಲ್ಲ, ಹಂಚಿಕೊಂಡವರು ನಾವು. ಶುಭಸಂದೇಶದ ಸಮಾರಿಯದವನಾದರೂ ಮರುಗಿ ಸುಮ್ಮನೆ ನಿಂತನೇ? ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುವ ಬಗೆಯನ್ನು ಅವನು ಬಲ್ಲವನಾಗಿದ್ದ.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ದಾದಿಯರಾದ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಅವರು ಕಳುಹಿಸಿದ ಹಣದಿಂದ ಮನೆಗಳೆದ್ದಿವೆ, ತಮ್ಮಂದಿರು ಓದಿದ್ದಾರೆ. ಆದರೆ ಅಪ್ಪನಿಗೆ ಕಾಯಿಲೆಯಾದಾಗ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂಬ ಮಾತು ನಡೆಯುವಾಗ ಆಕೆಯನ್ನು ಕೇಳುವವರೆಷ್ಟು ಮಂದಿ? ಪಕ್ಕದ ಮನೆಯವನ ಸಲಹೆಗಿರುವ ಬೆಲೆ ಆಕೆಯ ಇಪ್ಪತ್ತು ವರ್ಷದ ಅನುಭವಕ್ಕಿಲ್ಲ. ಸಂಬಳ ಬೇಕು, ಸಲಹೆ ಬೇಡ! ಸಾಲದೆಂಬಂತೆ, ದಾದಿಯರು ಕೂಲಿಯ ಮಾತೆತ್ತಿದರೆ ‘ಸೇವೆಗೆ ಬೆಲೆ ಕಟ್ಟುವುದೇ?’ ಎಂದು ಬಾಯಿ ಮುಚ್ಚಿಸುತ್ತೇವೆ. ಶಸ್ತ್ರವೈದ್ಯನಿಗೆ ಹಾಗೆನ್ನುವ ಧೈರ್ಯ ಯಾರಿಗಿದೆ?

ಎಲ್ಸಿ ಆಟ್ ತನ್ನ ಪ್ರಯಾಣದ ಬಳಿಕ ವರದಿಯೊಂದನ್ನು ಸಲ್ಲಿಸಿದಳು. ಆಮ್ಲಜನಕ ಬೇಕು, ಗಾಯಕ್ಕೆ ಕಟ್ಟುವ ಪಟ್ಟಿಗಳು ಸಾಲವು, ಕಂಬಳಿಗಳು ಹೆಚ್ಚಿರಲಿ ಎಂದು ಅದರಲ್ಲಿ ಬರೆದಳು. ಲಂಗ ತೊಟ್ಟು ಈ ಕೆಲಸ ಮಾಡುವುದು ಅನುಕೂಲವಲ್ಲವೆಂದೂ ಸೇರಿಸಿದಳು. ವಿಮಾನ ದಾದಿಯರ ಸಮವಸ್ತ್ರಕ್ಕೆ ಮುಂದೆ ಷರಾಯಿ ಬಂತು.