ಮುಂಬೈಯಲ್ಲಿ ಮನೆ ಹಿಡಿಯುವ ಮುನ್ನ

ಮುಂಬೈಗೆ ವರ್ಗವಾದಾಗ ನನ್ನ ತಲೆಯಲ್ಲಿದ್ದದ್ದು ಸಮುದ್ರ, ಲೋಕಲ್ ರೈಲು, ಮಾಟುಂಗಾದ ಇಡ್ಲಿ. ಬಾಡಿಗೆ ಕರಾರಿನ ಚಿಂತೆ ಇರಲಿಲ್ಲ. ಬೆಂಗಳೂರಿನ ರೂಢಿಯಂತೆ 11 ತಿಂಗಳಿಗೆ ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಕು ಎಂದುಕೊಂಡಿದ್ದೆ. ಮುಲುಂಡ್‌ನ ಮನೆ ಮಾಲೀಕರೂ ‘ನೋಂದಣಿ ಯಾಕೆ, ಸುಮ್ಮನೆ ಖರ್ಚು’ ಎಂದರು. ತಲೆಯಾಡಿಸಿದೆ.

ಎಂಟು ತಿಂಗಳಲ್ಲಿ ಮನೆ ಬಿಡಬೇಕಾಯಿತು. ಬಣ್ಣದ ಖರ್ಚೆಂದು ಡಿಪಾಸಿಟ್‌ನಲ್ಲಿ ಅರ್ಧ ಹಿಡಿದುಕೊಂಡರು. ಪರ ಊರು, ಯಾಕೆ ಜಗಳ ಎಂದು ಕೊಟ್ಟಷ್ಟು ತೆಗೆದುಕೊಂಡು ಬಂದೆ.

ಆಮೇಲೆ ಗೊತ್ತಾಯಿತು: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. 11 ತಿಂಗಳೆಂದು ವಿನಾಯಿತಿ ಇಲ್ಲ. ನೋಂದಾಯಿಸುವ ಹೊಣೆ ಮಾಲೀಕರದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನೋಂದಣಿ ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಬೇರೆ ರೀತಿ ಸಾಬೀತಾಗದಿದ್ದರೆ.

ಕಾನೂನು ನನ್ನ ಕಡೆಗಿತ್ತು, ಕೇಳುವ ಧೈರ್ಯ ನನ್ನಲ್ಲಿರಲಿಲ್ಲ. ವಲಸೆ ಬಂದ ನಮ್ಮ ದೊಡ್ಡ ದೌರ್ಬಲ್ಯ ಇದೇ. ಹೊಂದಿಕೊಂಡು ಹೋಗುವುದು ಒಳ್ಳೆಯ ಗುಣ. ಹಕ್ಕು ಬಿಟ್ಟುಕೊಡುವುದು ಹೊಂದಾಣಿಕೆಯಲ್ಲ.

ಈಗ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಏಜೆಂಟರು ಮನೆಗೇ ಬಂದು ಹೆಬ್ಬೆರಳು ಒತ್ತಿಸಿಕೊಳ್ಳುತ್ತಾರೆ. ಆ ಕಾಗದ ಪಾಸ್‌ಪೋರ್ಟ್‌ಗೂ ವಿಳಾಸದ ಪುರಾವೆ. ಹೊಸದಾಗಿ ಬರುವವರೇ, ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂದು ಆಮೇಲೆ ನೋಡಿ. ಬಣ್ಣದ ಖರ್ಚು ಯಾರದು ಎಂಬುದನ್ನೂ ಬರೆಸಿ, ನೋಂದಣಿ ಮಾಡಿಸಿಯೇ ಡಿಪಾಸಿಟ್ ಕೊಡಿ.