ನಾಲ್ಕು ಅಂಗುಲ ಮೇಲಿದ್ದ ರಥ

ಸಂಕ್ರಾಂತಿ ಕಳೆದು, ಕಣದ ಕೆಲಸ ತೀರಿ, ಊರದೇವತೆಗಳ ಜಾತ್ರೆಗಳು ಒಂದೊಂದಾಗಿ ಮೊದಲಾಗುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗೋಡೆಗಳ ಮೇಲೆ ಒಂದೇ ಬಗೆಯ ಭಿತ್ತಿಪತ್ರಗಳು ಕಾಣಿಸಿಕೊಳ್ಳತೊಡಗುತ್ತವೆ. ಊರಿನ ಹೆಸರು ಬೇರೆ, ನಾಟಕ ಮಂಡಳಿಯ ಹೆಸರು ಬೇರೆ. ನಾಟಕ ಮಾತ್ರ ಬಹುಮಟ್ಟಿಗೆ ಅದೇ. ದೊಡ್ಡ ಅಕ್ಷರಗಳಲ್ಲಿ ‘ಕುರುಕ್ಷೇತ್ರ’, ಅದರ ಕೆಳಗೆ ‘ಅಥವಾ ಧರ್ಮರಾಜ್ಯ ಸ್ಥಾಪನೆ’. ಈ ಎರಡನೆಯ ಹೆಸರನ್ನು ಓದುವವರು ವಿರಳ. ಆದರೆ ಇಡೀ ರಾತ್ರಿಯ ಆಟದ ವ್ಯಾಜ್ಯವೆಲ್ಲ ಅಡಗಿರುವುದು ಆ ‘ಅಥವಾ’ ಎಂಬ ಪದದಲ್ಲಿಯೇ. ಕುರುಕ್ಷೇತ್ರವೆಂದರೂ ಧರ್ಮರಾಜ್ಯ ಸ್ಥಾಪನೆಯೆಂದರೂ ಒಂದೇ ಎಂದು ಭಿತ್ತಿಪತ್ರವು ನಿಶ್ಚಿಂತೆಯಿಂದ ಸಾರುತ್ತದೆ. ವ್ಯಾಸರಿಗೆ ಅಷ್ಟು ನಿಶ್ಚಿಂತೆ ಇರಲಿಲ್ಲ.

ಈ ನಾಟಕಗಳ ಏರ್ಪಾಡನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ಇಲ್ಲಿ ನಟನು ಸಂಬಳ ಪಡೆಯುವವನಲ್ಲ, ಹಣ ತೆತ್ತು ಪಾತ್ರ ಪಡೆಯುವವನು. ನಾಟಕದ ಮೇಷ್ಟ್ರು ಹಾರ್ಮೋನಿಯಂ ಸಹಿತ ಊರಿಗೆ ಬಂದು ತಿಂಗಳುಗಟ್ಟಲೆ ರಾತ್ರಿ ವೇಳೆ ಪದ್ಯಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡಿಸುತ್ತಾರೆ. ಸೀನರಿ, ಉಡುಪು, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ; ಸ್ತ್ರೀಪಾತ್ರಗಳಿಗೆ ಸಾಮಾನ್ಯವಾಗಿ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಈ ಖರ್ಚನ್ನೆಲ್ಲ ಪಾತ್ರಧಾರಿಗಳು ಹಂಚಿಕೊಳ್ಳುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು, ಸಣ್ಣ ಪಾತ್ರಕ್ಕೆ ಸಣ್ಣ ಪಾಲು. ಬೇಡಿಕೆ ಅತಿಯಾದರೆ ಒಬ್ಬ ಕೃಷ್ಣನು ಇಬ್ಬರಾಗುವುದೂ ಉಂಟು: ಶಯ್ಯಾಗೃಹದ ದೃಶ್ಯದಲ್ಲಿ ಮಲಗಿದ್ದವನೊಬ್ಬ, ಸಂಧಾನಕ್ಕೆ ಹೋಗುವವನು ಇನ್ನೊಬ್ಬ. ಜಗದ್ವ್ಯಾಪಿಯಾದ ದೇವರಿಗೆ ಇದೇನೂ ಹೊಸತಲ್ಲವಾದುದರಿಂದ ಪ್ರೇಕ್ಷಕರು ಆಕ್ಷೇಪಿಸುವುದಿಲ್ಲ.

“ಏನಪ್ಪಾ, ಈ ಸಲ ನಿಂದ್ಯಾವ ಪಾರ್ಟು?” ಎಂದು ಅರಳಿಕಟ್ಟೆಯ ಹಿರಿಯರು ಕೇಳಿದಾಗ “ದುರ್ಯೋಧನಂದು ಕಣಣ್ಣಾ” ಎನ್ನುವವನ ಮುಖದಲ್ಲಿ ಮೂಡುವ ಗೆಲವು, “ಧರ್ಮರಾಯಂದು” ಎನ್ನುವವನ ಮುಖದಲ್ಲಿ ಮೂಡದು. ದುರ್ಯೋಧನ, ಭೀಮ, ಕರ್ಣ, ಕೃಷ್ಣ—ಇವು ಬೆಲೆಯುಳ್ಳ ಪಾತ್ರಗಳು. ಛಲದ ಪದ್ಯಕ್ಕೆ ಒನ್ಸ್ ಮೋರ್ ಬೀಳುವುದು ಕೌರವನಿಗೆ. ನೆಂಟರು ವೇದಿಕೆ ಹತ್ತಿ ನೋಟಿನ ಹಾರ ಹಾಕುವುದೂ ಅವನಿಗೇ. ಧರ್ಮರಾಯನು ತಮ್ಮಂದಿರನ್ನು ಸಮಾಧಾನಪಡಿಸುತ್ತ ಬದಿಯಲ್ಲಿ ನಿಂತಿರುತ್ತಾನೆ. ಧರ್ಮರಾಜ್ಯವನ್ನು ಸ್ಥಾಪಿಸಬೇಕಾದವನಿಗೇ ಧರ್ಮರಾಜ್ಯ ಸ್ಥಾಪನೆಯಲ್ಲಿ ಕೆಲಸ ಕಡಿಮೆ!

ಇದನ್ನು ಕಂಡು ಮರುಗುವ ವಿದ್ಯಾವಂತರಿದ್ದಾರೆ. ಜನರು ಅಧರ್ಮಕ್ಕೆ ಹಾರ ಹಾಕುತ್ತಿದ್ದಾರೆ, ರುಚಿ ಕೆಟ್ಟಿದೆ ಎಂಬುದು ಅವರ ಆರೋಪ. ಈ ಆರೋಪವನ್ನು ಸ್ವಲ್ಪ ಬದಿಗಿರಿಸಿ, ಇದೇ ಪ್ರಶ್ನೆಯನ್ನು ಬೇರೊಂದು ದೇಶದವರು ಬೇರೊಂದು ಬಗೆಯ ಆಟದಲ್ಲಿ ಹೇಗೆ ಎದುರಿಸಿದರೆಂಬುದನ್ನು ನೋಡುವುದು ಉಪಯುಕ್ತ.

1974ರಲ್ಲಿ ಅಮೆರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದು ಪಾತ್ರಧಾರಣೆಯ ಆಟ. ಆದರೆ ಬಣ್ಣವಿಲ್ಲ, ರಂಗವಿಲ್ಲ, ಬಾಯಿಪಾಠವೂ ಇಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ರಾಕ್ಷಸರ ಗುಹೆಯಲ್ಲಿ ತಾನೇನು ಮಾಡುವೆನೆಂಬುದನ್ನು ಬಾಯಲ್ಲಿ ಹೇಳುತ್ತಾರೆ. ಫಲಾಫಲವನ್ನು ದಾಳ ನಿರ್ಣಯಿಸುತ್ತದೆ. ಇನ್ನೊಬ್ಬನು ಕಥೆ ನಡೆಸುತ್ತ ತೀರ್ಪುಗಾರನಾಗಿ ಕೂರುತ್ತಾನೆ. ಇಂದು ಬೆಂಗಳೂರಿನ ಕಾಲೇಜು ಹುಡುಗರೂ ಇದನ್ನು ಬಲ್ಲರು. 1975ರಲ್ಲಿ ಬಂದ ‘ಗ್ರೇಹಾಕ್’ ಎಂಬ ಅನುಬಂಧದಲ್ಲಿ ‘ಪ್ಯಾಲಡಿನ್’ ಎಂಬ ಹೊಸ ಪಾತ್ರವೊಂದು ಸೇರಿತು. ಶಾರ್ಲಮೇನ್ ಚಕ್ರವರ್ತಿಯ ಸುತ್ತಣ ವೀರರಿಗೆ ಯುರೋಪಿನ ಹಳೆಯ ಕಥೆಗಳು ಕೊಟ್ಟ ಹೆಸರದು. ಆಟದಲ್ಲಿ ಅವನು ಧರ್ಮಯೋಧ: ಕೈಯಿಟ್ಟು ಗಾಯ ಮಾಯಿಸಬಲ್ಲ, ರೋಗ ಅವನ ಹತ್ತಿರ ಸುಳಿಯದು. ಇಷ್ಟೆಲ್ಲ ವರ ಕೊಟ್ಟವರು ಒಂದು ಕಟ್ಟುಪಾಡನ್ನೂ ವಿಧಿಸಿದರು. ಅವನು ಒಮ್ಮೆ ಧರ್ಮ ತಪ್ಪಿದರೆ ವರಗಳೆಲ್ಲ ಆ ಕ್ಷಣವೇ ಹೋದುವು, ಮತ್ತೆ ಬಾರವು.

ಕಟ್ಟುಪಾಡು ಸರಳವಾಗಿತ್ತು, ಜಗಳ ಸರಳವಾಗಿರಲಿಲ್ಲ. ಧರ್ಮ ತಪ್ಪಿದನೆಂದು ಹೇಳುವವರು ಯಾರು? ಗುಹೆಯ ರಾಕ್ಷಸರನ್ನು ಕೊಂದ ಮೇಲೆ ಅವರ ಹಸುಗೂಸುಗಳು ಎದುರಾದರೆ ಧರ್ಮಯೋಧ ಏನು ಮಾಡಬೇಕು? ಕೊಂದರೆ ಶಿಶುಹತ್ಯೆ, ಬಿಟ್ಟರೆ ಮುಂದೆ ಊರಿಗೆ ಮಾರಿ. ಸೆರೆಸಿಕ್ಕ ಗೆಳೆಯನ ಪ್ರಾಣವುಳಿಸಲು ಒಂದು ಸುಳ್ಳು ಹೇಳಬಹುದೆ? ಆಟಗಾರನಿಗೂ ತೀರ್ಪುಗಾರನಿಗೂ ಈ ವಿಚಾರಗಳಲ್ಲಿ ಹತ್ತಿದ ವಾದ ದಶಕಗಳ ಕಾಲ ನಿಲ್ಲಲಿಲ್ಲ. ಕೆಲವು ತೀರ್ಪುಗಾರರಂತೂ ಎತ್ತ ತಿರುಗಿದರೂ ಪಾಪವೇ ಆಗುವಂಥ ಇಕ್ಕಟ್ಟುಗಳನ್ನು ಬೇಕೆಂದೇ ಒಡ್ಡಿ ಧರ್ಮಯೋಧನನ್ನು ಬೀಳಿಸಿ ಸಂತೋಷಪಡುತ್ತಿದ್ದರು. ಕೊನೆಗೆ 2014ರ ಆವೃತ್ತಿಯಲ್ಲಿ, ಅವನು ಒಳ್ಳೆಯವನೇ ಆಗಿರಬೇಕೆಂಬ ನಿಬಂಧನೆಯಿಲ್ಲದೆ, ಅವನು ತಾನು ತೊಟ್ಟ ಶಪಥಕ್ಕೆ ಬದ್ಧನಾಗಿದ್ದರೆ ಸಾಕೆಂದರು. ಶಪಥಗಳಲ್ಲಿ ಭಕ್ತಿಯ ಶಪಥ ಒಂದಾದರೆ, ಸೇಡಿನ ಶಪಥವೂ ಒಂದು.

ವ್ಯಾಸಭಾರತವನ್ನು ಓದಿದವರಿಗೆ ಇಲ್ಲಿ ಆಶ್ಚರ್ಯವಾಗದಿರದು. ಏಕೆಂದರೆ ಆ ಮೊದಲನೆಯ ಕಟ್ಟುಪಾಡು ದ್ರೋಣಪರ್ವದಲ್ಲಿದೆ. ಧರ್ಮರಾಯನ ಸತ್ಯದ ಬಲದಿಂದ ಅವನ ರಥವು ನೆಲದಿಂದ ನಾಲ್ಕು ಅಂಗುಲ ಮೇಲೆಯೇ ನಿಲ್ಲುತ್ತಿತ್ತು. ಹದಿನೈದನೆಯ ದಿನದ ಯುದ್ಧದಲ್ಲಿ ದ್ರೋಣರನ್ನು ತಡೆಯುವವರಿಲ್ಲದಾದಾಗ, ಮಗ ಸತ್ತನೆಂಬ ಸುದ್ದಿಯೊಂದೇ ಅವರ ಕೈಯಿಂದ ಬಿಲ್ಲನ್ನು ಇಳಿಸೀತೆಂದು ಕೃಷ್ಣನು ಸೂಚಿಸುತ್ತಾನೆ. ಅರ್ಜುನನಿಗೆ ಇದು ಹಿಡಿಸುವುದಿಲ್ಲ. ಭೀಮನು ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಕೊಂದು ಬಂದು ಕೂಗುತ್ತಾನೆ. ಆ ಆನೆ ಪಾಂಡವರ ಪಕ್ಷದ್ದೇ ಎಂಬುದು ಗಮನಾರ್ಹ. ದ್ರೋಣರು ಭೀಮನನ್ನು ನಂಬದೆ ಧರ್ಮರಾಯನನ್ನು ಕೇಳುತ್ತಾರೆ. ಮೂರು ಲೋಕದ ಒಡೆತನ ಸಿಕ್ಕರೂ ಈತ ಸುಳ್ಳಾಡನೆಂಬ ವಿಶ್ವಾಸ ಶತ್ರುವಿನ ಸೇನಾಪತಿಗಿತ್ತು. ಆ ವಿಶ್ವಾಸವೇ ಆ ದಿನದ ಆಯುಧವಾಯಿತು. ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿಯೂ, ಆನೆಯೆಂಬುದನ್ನು ಅಸ್ಪಷ್ಟವಾಗಿಯೂ ಧರ್ಮರಾಯನು ನುಡಿದನು. ರಥ ನೆಲಕ್ಕಿಳಿಯಿತು.

ಇಷ್ಟರವರೆಗೆ ಎರಡು ಆಟಗಳೂ ಒಂದೇ ದಾರಿಯಲ್ಲಿ ನಡೆದಿವೆ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಪ್ಯಾಲಡಿನ್ ಬಿದ್ದರೆ ಅವನ ಶಕ್ತಿ ಹೋಗುತ್ತದೆ. ಧರ್ಮರಾಯನ ರಥ ಇಳಿದರೂ ಅವನು ಯುದ್ಧದಲ್ಲಿ ಗೆಲ್ಲುತ್ತಾನೆ, ಸಿಂಹಾಸನವೇರುತ್ತಾನೆ. ಇತರರ ರಥಗಳಂತೆ ಅವನ ರಥವೂ ಧೂಳಿನಲ್ಲಿ ಉರುಳುತ್ತದೆ, ಅಷ್ಟೆ. ಲೆಕ್ಕ ಮಾತ್ರ ಹರಿಯುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಸ್ವರ್ಗಾರೋಹಣ ಪರ್ವದಲ್ಲಿ ಅವನು ಸ್ವರ್ಗಕ್ಕೆ ಹೋದಾಗ ಮೊದಲು ಕಾಣುವುದು ವೈಭವದಿಂದ ಕುಳಿತ ದುರ್ಯೋಧನನನ್ನು; ಅನಂತರ ಅವನನ್ನು ದುರ್ಗಂಧದ ಕತ್ತಲ ಹಾದಿಯಲ್ಲಿ ನರಕಕ್ಕೆ ಕರೆದೊಯ್ಯುತ್ತಾರೆ. ದ್ರೋಣನಿಗೆ ಮಾಡಿದ ಮೋಸಕ್ಕೆ ಪ್ರತಿಯಾಗಿ ನಿನಗೂ ಮೋಸದಿಂದಲೇ ನರಕದರ್ಶನವಾಯಿತೆಂದು ಇಂದ್ರನು ಬಳಿಕ ತಿಳಿಸುತ್ತಾನೆ. ಗೆದ್ದನೆಂಬ ಕಾರಣಕ್ಕೆ ಆ ಅರೆಸುಳ್ಳು ಮನ್ನಾ ಆಗಲಿಲ್ಲ. ಸುಳ್ಳಾಡಿದನೆಂಬ ಕಾರಣಕ್ಕೆ ಅವನು ಧರ್ಮರಾಯನಲ್ಲದೆ ಹೋಗಲೂ ಇಲ್ಲ.

ಹಾಗಾದರೆ ಶಪಥವನ್ನೇ ಧರ್ಮವೆಂದು ಹಿಡಿದರೆ ತೊಡಕು ಬಿಡಿಸೀತೆ? ಅದಕ್ಕೂ ಉತ್ತರ ಕರ್ಣಪರ್ವದಲ್ಲಿದೆ. ಈ ಪ್ರಸಂಗವನ್ನು ತುಸು ನಿಧಾನವಾಗಿ ನೋಡಬೇಕು. ಕರ್ಣನಿಂದ ಗಾಯಗೊಂಡು ಬಿಡಾರಕ್ಕೆ ಮರಳಿದ ಧರ್ಮರಾಯನು, ಕರ್ಣನನ್ನು ಕೊಲ್ಲದೆಯೇ ನೋಡಲು ಬಂದ ಅರ್ಜುನನನ್ನು ಹೀಗಳೆದು, ನಿನ್ನ ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದುಬಿಡುತ್ತಾನೆ. ಹಾಗೆಂದವರ ತಲೆ ಕಡಿಯುವೆನೆಂಬುದು ಅರ್ಜುನನ ಗುಪ್ತ ಪ್ರತಿಜ್ಞೆ. ಅವನು ಅಣ್ಣನ ಮೇಲೆ ಕತ್ತಿ ಹಿರಿಯುತ್ತಾನೆ. ಯಾವ ದ್ವೇಷವೂ ಇಲ್ಲ, ಕೇವಲ ಸತ್ಯಪಾಲನೆ! ಆಗ ಕೃಷ್ಣನು ಎರಡು ಕಥೆಗಳನ್ನು ಹೇಳುತ್ತಾನೆ. ಕೌಶಿಕನೆಂಬ ತಪಸ್ವಿ ಸತ್ಯವನ್ನೇ ನುಡಿಯುವ ವ್ರತ ತೊಟ್ಟಿದ್ದನು. ಅಡಗಿದ್ದ ಜನರ ದಾರಿಯನ್ನು ಕಳ್ಳರು ಕೇಳಿದಾಗ ನಿಜವನ್ನೇ ಹೇಳಿ ಅವರನ್ನು ಕೊಲ್ಲಿಸಿ ನರಕಕ್ಕೆ ಹೋದನು. ಬಲಾಕನೆಂಬ ಬೇಡನು ಕುರುಡು ಮೃಗವೊಂದನ್ನು ಕೊಂದನು; ಅದು ಜೀವಕೋಟಿಯ ನಾಶಕ್ಕೆ ಹೊಂಚುತ್ತಿದ್ದ ಪ್ರಾಣಿಯಾಗಿದ್ದುದರಿಂದ ಸ್ವರ್ಗಕ್ಕೆ ಹೋದನು. ಸತ್ಯವಂತನಿಗೆ ನರಕ, ಕೊಂದವನಿಗೆ ಸ್ವರ್ಗ. ಇಂಥ ಕಥೆಗಳನ್ನು ಕೇಳಿದ ಮೇಲೆ ನಿಯಮದ ಪುಸ್ತಕ ಹಿಡಿದು ಕೂರುವ ತೀರ್ಪುಗಾರನ ಪಾಡು ಕಷ್ಟವೇ.

ಆದರೂ ಕೃಷ್ಣನು ಪ್ರತಿಜ್ಞೆಯನ್ನು ಗಾಳಿಗೆ ತೂರುವುದಿಲ್ಲ. ಹಿರಿಯನನ್ನು ಏಕವಚನದಲ್ಲಿ ಹಳಿದರೆ ಅದೇ ವಧೆಗೆ ಸಮಾನವೆಂದು ದಾರಿ ತೋರುತ್ತಾನೆ. ಅರ್ಜುನನು ಅಣ್ಣನನ್ನು ಹಳಿದು, ಆ ಪಾಪಕ್ಕೆ ತನ್ನನ್ನೇ ಕಡಿದುಕೊಳ್ಳಹೊರಡಲು, ಆತ್ಮಪ್ರಶಂಸೆಯೂ ಆತ್ಮಹತ್ಯೆಯೂ ಒಂದೇ, ನಿನ್ನನ್ನು ನೀನೇ ಹೊಗಳಿಕೋ ಎನ್ನುತ್ತಾನೆ. ಇದರಲ್ಲಿ ಹಾಸ್ಯವಿಲ್ಲದಿಲ್ಲ. ಆದರೆ ಧರ್ಮವನ್ನು ಕಣ್ಣುಮುಚ್ಚಿ ಪಾಲಿಸುವವನು ಎಷ್ಟು ಅಪಾಯಕಾರಿಯೆಂಬುದನ್ನು ಆ ಹಿರಿದ ಕತ್ತಿ ತೋರಿಸಿದಷ್ಟು ಯಾವ ಉಪದೇಶವೂ ತೋರಿಸಲಾರದು. ದುರ್ಯೋಧನನಿಂದ ಧರ್ಮರಾಯನ ಕೊರಳಿಗೆ ಅಷ್ಟು ಹತ್ತಿರ ಕತ್ತಿ ಎಂದೂ ಬಂದಿರಲಿಲ್ಲ.

ಇನ್ನು ದುರ್ಯೋಧನನ ಕೊರಳ ನೋಟಿನ ಹಾರದ ಮಾತು. ಯುದ್ಧಾರಂಭದಲ್ಲಿ ಎರಡೂ ಪಕ್ಷದವರು ಕೂಡಿ ನಿಯಮಗಳನ್ನು ಮಾಡಿಕೊಂಡಿದ್ದರು: ಸಮಾನರು ಸಮಾನರೊಡನೆ ಕಾದಬೇಕು, ಆಯುಧ ಕಳೆದುಕೊಂಡವನನ್ನು ಕೊಲ್ಲಬಾರದು. ಅಭಿಮನ್ಯುವಿನ ವಿಚಾರದಲ್ಲಿ ಕೌರವ ಪಕ್ಷ ಅವನ್ನು ಮುರಿಯಿತು. ಪಾಂಡವ ಪಕ್ಷದ ಪಟ್ಟಿಯೂ ಗಿಡ್ಡದಲ್ಲ: ಶಿಖಂಡಿಯ ಮರೆಯಿಂದ ಭೀಷ್ಮ, ಅರೆಸುಳ್ಳಿನಿಂದ ದ್ರೋಣ, ರಥದ ಗಾಲಿ ಹೂತಾಗ ಕರ್ಣ. ಕಡೆಗೆ ಭೀಮನು ತನ್ನ ಶಪಥ ಉಳಿಸಲು ಗದಾಯುದ್ಧದ ನಿಯಮ ಮುರಿದು ತೊಡೆಗೆ ಹೊಡೆದಾಗ ಬಲರಾಮನು ನೇಗಿಲೆತ್ತಿ ನಿಲ್ಲುತ್ತಾನೆ. ಬಿದ್ದ ದುರ್ಯೋಧನನು ಈ ಪಟ್ಟಿಯನ್ನೆಲ್ಲ ಒಂದೊಂದಾಗಿ ಎಣಿಸಿ ಹೇಳಿದಾಗ ಆಕಾಶದಿಂದ ಹೂಮಳೆ ಸುರಿಯುತ್ತದೆ, ಪಾಂಡವರು ನಾಚುತ್ತಾರೆ. ಇದು ಶಿರಾ ಸೀಮೆಯ ಪ್ರೇಕ್ಷಕರ ಕಲ್ಪನೆಯಲ್ಲ, ವ್ಯಾಸರದೇ ಬರವಣಿಗೆ. ಹತ್ತನೆಯ ಶತಮಾನದಲ್ಲಿ ರನ್ನನು ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ‘ಗದಾಯುದ್ಧ’ವನ್ನು ರಚಿಸಿದರೂ ಕನ್ನಡಿಗರ ನೆನಪಿನಲ್ಲಿ ಉಳಿದವನು ಅವನ ದುರ್ಯೋಧನನೇ, ಬಿ.ಎಂ.ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ರುದ್ರನಾಟಕವಾಗಿ ತಿರುಗಿಸಿದುದೂ ಅವನಿಗಾಗಿಯೇ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ದ ವೈಭವವನ್ನು ನೆನೆಯುವವರು ಇಂದಿಗೂ ಇದ್ದಾರೆ. ಮೂರು ದಿಕ್ಕಿಗೂ ಆಂಧ್ರವೇ ಇರುವ ಪಾವಗಡದವರಿಗೆ ತಿರುಪತಿ ವೆಂಕಟ ಕವಿಗಳ ತೆಲುಗು ಪದ್ಯಗಳ ಗಾಳಿಯೂ ಹತ್ತಿರವೇ.

ಆದುದರಿಂದ ನೋಟಿನ ಹಾರವು ಅಧರ್ಮಕ್ಕೆ ಸಲ್ಲುತ್ತದೆಂದು ಮರುಗುವುದು ಪೂರ್ತಿ ನ್ಯಾಯವಲ್ಲ. ದ್ರೌಪದಿಯ ಸೀರೆಗೆ ಕೈಹಾಕಿಸಿದವನೆಂಬುದನ್ನು ಈ ಪ್ರೇಕ್ಷಕರು ಮರೆತಿಲ್ಲ. ಅದೇ ರಾತ್ರಿ ಅವನ ತೊಡೆ ಮುರಿದಾಗಲೂ ಸಿಳ್ಳು ಬೀಳುತ್ತದೆ. ಧರ್ಮದ ಕಡೆಯವರೂ ಎಲ್ಲಿ ಜಾರಿದರೆಂಬುದನ್ನು ಎದುರು ನಿಂತು ಹೇಳುವವನೊಬ್ಬ ಬೇಕು. ಆ ಕೆಲಸವನ್ನು ಶತ್ರುವಲ್ಲದೆ ಮಿತ್ರನು ಮಾಡುವುದು ಅಪರೂಪ. ಕಂಪನಿ ನಾಟಕಗಳಿಗೆ ಮುಂಚೆ ಈ ಸೀಮೆಯನ್ನಾಳಿದ ಮೂಡಲಪಾಯದ ಬಯಲಾಟದಲ್ಲಿ ಸಾರಥಿಯೆಂಬುವನೊಬ್ಬನಿದ್ದಾನೆ. ರಂಗಕ್ಕೆ ಬಂದ ಎಂಥ ವೀರನನ್ನೂ ಅವನು ತಡೆದು, ತಾವು ಯಾರು, ಬಂದ ಕಾರಣವೇನು ಎಂದು ಕೇಳಿಯೇ ಬಿಡುತ್ತಾನೆ, ದೇವರಿಗೂ ವಿನಾಯಿತಿಯಿಲ್ಲ.

ನಿಜವಾದ ಕೊರತೆ ಬೇರೆಡೆ ಇದೆ. ಸಂಧಾನದ ಪದ್ಯಗಳಲ್ಲಿಯೇ ಅರ್ಧ ರಾತ್ರಿ ಕಳೆದು, ಹದಿನೆಂಟು ದಿನಗಳ ಯುದ್ಧವನ್ನು ಕೋಳಿ ಕೂಗುವುದರೊಳಗೆ ಮುಗಿಸಬೇಕಾಗುವುದರಿಂದ, ದ್ರೋಣರ ಪ್ರಸಂಗಕ್ಕೆ ಸಿಗುವ ಅವಕಾಶ ಅತ್ಯಲ್ಪ. ಎಷ್ಟೋ ಕಡೆ ಅದು ಮಾತಿನಲ್ಲಿಯೇ ತೀರಿಹೋಗುತ್ತದೆ. ಗದೆಯ ಶಬ್ದ, ಶಪಥದ ಅಬ್ಬರಗಳಿಗೆ ಹಾರ್ಮೋನಿಯಂ ಒದಗುವಷ್ಟು ಸುಲಭವಾಗಿ, ತಗ್ಗಿದ ದನಿಯಲ್ಲಿ ನುಡಿದ ಅರ್ಧ ಮಾತಿಗೆ ಒದಗುವುದಿಲ್ಲ. ಆದರೆ ಇಡೀ ನಾಟಕದಲ್ಲಿ ಪ್ರೇಕ್ಷಕನು ತನ್ನದೇ ಬಾಳಿನಿಂದ ಗುರುತಿಸಬಹುದಾದ ಪಾಪ ಇದೊಂದೇ. ತೊಡೆ ಮುರಿಯುವ, ಗಾಂಡೀವಕ್ಕಾಗಿ ಕತ್ತಿ ಹಿರಿಯುವ ಸಂದರ್ಭ ಯಾರಿಗೂ ಒದಗದು. ಜಮೀನಿನ ವ್ಯಾಜ್ಯದ ಸಾಕ್ಷಿಕಟ್ಟೆಯಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ, ಪಂಚಾಯಿತಿ ಚುನಾವಣೆಯಲ್ಲಿ ಒಂದು ಪದವನ್ನು ಗಟ್ಟಿಯಾಗಿಯೂ ಮತ್ತೊಂದನ್ನು ಮೆಲ್ಲಗೂ ಹೇಳುವ ಸಂದರ್ಭ ಎಲ್ಲರಿಗೂ ಒದಗುತ್ತದೆ. ಅದೂ ಸಾಮಾನ್ಯವಾಗಿ ತನ್ನ ಪಕ್ಷವೇ ನ್ಯಾಯದ ಪಕ್ಷವೆಂಬ ದೃಢವಿಶ್ವಾಸದಿಂದ.

ನಾಟಕದ ಮೇಷ್ಟ್ರುಗಳು ಮನಸ್ಸು ಮಾಡಿದರೆ ಸಂಧಾನದ ಪದ್ಯಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ ಆ ಕಾಲವನ್ನು ಈ ದೃಶ್ಯಕ್ಕೆ ಕೊಡಬಹುದು. ರಥವನ್ನು ನೆಲದಿಂದ ಎತ್ತಿ ನಿಲ್ಲಿಸುವ ಯಂತ್ರ ಬೇಕಿಲ್ಲ. ಧರ್ಮರಾಯನಿಗೆ ಒಂದು ಮಣೆ ಹಾಕಿಸಿ ಅದರ ಮೇಲೆ ನಿಲ್ಲಿಸಿ, ಮಾತು ಮುಗಿದೊಡನೆ ಅವನು ತಾನಾಗಿಯೇ ಕೆಳಗಿಳಿದರೆ ಸಾಕು. ಆ ಪಾತ್ರಕ್ಕೆ ಎಷ್ಟು ಪಾಲು ಹಾಕಬೇಕೆಂಬುದನ್ನು ಮಂಡಳಿಯವರು ಮರುವರ್ಷ ತೀರ್ಮಾನಿಸಲಿ.