ರವೆದೋಸೆಯಲ್ಲಿ ಮಜ್ಜಿಗೆ ಇದೆಯೇ?

ನಾಲ್ಕು ವರ್ಷಗಳ ಹಿಂದಿನ ಮಾತು. ಭಾನುವಾರ ಬೆಳಗಿನ ಟಿಫಿನ್ನಿನ ನೂಕುನುಗ್ಗಲು. ತಂದೆ, ತಾಯಿ ಮತ್ತು ಮೂರು ವರ್ಷದ ಒಂದು ಗಂಡು ಮಗು ಬಂದು ಕುಳಿತರು. ತಾಯಿ ಸಪ್ಲೈಯರನ್ನು ಕರೆದು, ಮಗುವಿಗೆ ಹಾಲು ಆಗುವುದಿಲ್ಲ, ರವೆದೋಸೆಗೆ ತುಪ್ಪ ಬೆಣ್ಣೆ ಹಾಕುತ್ತೀರಾ ಎಂದು ಕೇಳಿದರು. ಇಲ್ಲ ಮೇಡಂ, ಎಣ್ಣೆ ಮಾತ್ರ ಎಂದ ಅವನು. ಸುಳ್ಳು ಹೇಳಲಿಲ್ಲ. ಕಾವಲಿಯ ಮೇಲೆ ಬೀಳುವುದು ಎಣ್ಣೆಯೇ. ಆದರೆ ಹಿಟ್ಟಿಗೆ ಹುಳಿ ಮಜ್ಜಿಗೆ ಸೇರುತ್ತದೆ ಎಂಬುದು ಒಡಿಶಾದಿಂದ ಬಂದು ಎರಡೇ ತಿಂಗಳಾಗಿದ್ದ ಆ ಹುಡುಗನಿಗೆ ಗೊತ್ತಿರಲಿಲ್ಲ.

ಹತ್ತು ನಿಮಿಷದಲ್ಲಿ ಮಗುವಿನ ತುಟಿ ಊದಿತು, ಮೈಮೇಲೆಲ್ಲ ದದ್ದುಗಳೆದ್ದವು, ಉಸಿರಿನಲ್ಲಿ ಸೀಟಿಯಂಥ ಸದ್ದು ಕೇಳತೊಡಗಿತು. ಗಲ್ಲಾದಲ್ಲಿ ಕುಳಿತಿದ್ದ ನಾನು ಎದ್ದು ಓಡಿಹೋಗಿ ಕೇಳಿದ್ದೇನು ಗೊತ್ತೇ? ನಿಂಬೆ ಸೋಡಾ ತರಿಸಲೇ ಎಂದು! ಮೂವತ್ತು ವರ್ಷ ಹೋಟೆಲು ನಡೆಸಿದವನ ತಿಳಿವಳಿಕೆ ಅಷ್ಟು. ಮಗುವನ್ನು ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ದರು, ಚುಚ್ಚುಮದ್ದು ಕೊಟ್ಟರು, ಸಂಜೆಯ ಹೊತ್ತಿಗೆ ಚೇತರಿಸಿಕೊಂಡಿತು. ನೋಡಲು ಹೋದಾಗ ತಾಯಿ ನನ್ನನ್ನು ಬೈಯಲಿಲ್ಲ. ತುಪ್ಪ ಬೆಣ್ಣೆ ಎಂದು ಕೇಳಿದೆ, ಮಜ್ಜಿಗೆ ಎಂದು ಕೇಳಲು ಮರೆತೆ ಎಂದರು. ತಪ್ಪು ಅವರದಂತೆ! ಅದನ್ನು ಕೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಉದ್ಯಮ ಬಾಂಧವರ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಎನ್ನುವ ದೊಡ್ಡವರು ನಮ್ಮಲ್ಲಿ ಬಹಳ ಮಂದಿ. ಅದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಅಂಥವರಿಗೆ ಮೊಸರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಪ್ರಾಣಭಯವಿಲ್ಲ. ಅಲರ್ಜಿ ಬೇರೆ. ಅದು ಹಾಲಿನ ಪ್ರೋಟೀನಿನ ಮೇಲೆ ದೇಹವೇ ಹೂಡುವ ಯುದ್ಧ. ಹಾಲಾದರೂ ಮೊಸರಾದರೂ ಮಜ್ಜಿಗೆಯಾದರೂ ಪ್ರೋಟೀನು ಅದೇ. ಎಮ್ಮೆ ಹಾಲು, ಮೇಕೆ ಹಾಲಿನ ಪ್ರೋಟೀನೂ ಅದರ ದಾಯಾದಿಯೇ ಆದ್ದರಿಂದ ಅವೂ ಸಾಮಾನ್ಯವಾಗಿ ನಡೆಯುವುದಿಲ್ಲ. ತುಪ್ಪದಲ್ಲಿ ಸಹ ಸ್ವಲ್ಪ ಪ್ರೋಟೀನು ಉಳಿದಿರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ನೂರು ಹಸುಗೂಸುಗಳಲ್ಲಿ ಎರಡು ಮೂರಕ್ಕೆ ಇದು ಇರುತ್ತದೆ ಎಂಬ ಅಂದಾಜಿದೆ. ನಮ್ಮ ದೇಶದಲ್ಲಿ ಇದೇನು ಅಪರೂಪದ ಶೋಕಿ ಕಾಯಿಲೆ ಎಂದುಕೊಳ್ಳಬೇಡಿ. ಮಕ್ಕಳ ಜಠರ ಕರುಳು ತಜ್ಞರ ಅಖಿಲ ಭಾರತ ಸಂಘವೇ 2020ರಲ್ಲಿ ಇದಕ್ಕಾಗಿ ಮಾರ್ಗಸೂಚಿ ಹೊರಡಿಸಿದೆ.

ಸಂತೋಷದ ಸಂಗತಿಯೆಂದರೆ ಹೆಚ್ಚಿನ ಮಕ್ಕಳು ಬೆಳೆಯುತ್ತ ಈ ತೊಂದರೆಯಿಂದ ಹೊರಬರುತ್ತಾರೆ. ಮುಂಚೆ ವೈದ್ಯರು, ಹಾಲು ಪೂರ್ತಿ ಬಿಡಿಸಿ, ಕಾಯಿರಿ ಎನ್ನುತ್ತಿದ್ದರು. ಈಗ ಆ ಪದ್ಧತಿ ಬದಲಾಗಿದೆ, ನಮಗೆ ಸಂಬಂಧಪಟ್ಟದ್ದು ಇಲ್ಲಿಯೇ. 2008ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯರು ಹಾಲಿನ ಅಲರ್ಜಿಯ 100 ಮಕ್ಕಳಿಗೆ ಹಾಲು ಹಾಕಿ ಬೇಯಿಸಿದ ಮಫಿನ್ ಕೇಕು, ವಾಫಲ್ ಕೊಟ್ಟು ಪರೀಕ್ಷಿಸಿದರು. ಮಫಿನ್ನನ್ನು ಸುಮಾರು 180 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಬೇಯಿಸಿದ್ದರು. ನಾಲ್ಕರಲ್ಲಿ ಮೂರು ಪಾಲು ಮಕ್ಕಳು ಅದನ್ನು ತಡೆದುಕೊಂಡರು. ಒಣ ಶಾಖದಲ್ಲಿ ಹಾಲಿನ ಕೆಲವು ಪ್ರೋಟೀನುಗಳ ಆಕಾರ ಕೆಡುತ್ತದೆ, ಉಳಿದದ್ದು ಗೋಧಿ ಹಿಟ್ಟಿನ ಬಲೆಯಲ್ಲಿ ಸಿಕ್ಕಿಕೊಂಡು ದೇಹಕ್ಕೆ ಬೇಗ ಎಟುಕುವುದಿಲ್ಲ. ಹೀಗೆ ಬೇಯಿಸಿದ ಹಾಲನ್ನು ನಿಯಮಿತವಾಗಿ ತಿಂದ ಮಕ್ಕಳು ಉಳಿದವರಿಗಿಂತ ಬೇಗ ಹಸಿ ಹಾಲಿಗೂ ಒಗ್ಗಿದರು ಎಂದು ಅದೇ ತಂಡ 2011ರಲ್ಲಿ ವರದಿ ಮಾಡಿತು. ಆಹಾರದಿಂದಲೇ ಗುಣವಾಯಿತೋ, ಗುಣವಾಗಲಿದ್ದ ಮಕ್ಕಳೇ ಆ ಆಹಾರ ತಡೆದುಕೊಂಡರೋ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಆದರೂ ಬ್ರಿಟನ್ನಿನಲ್ಲಿ ‘ಹಾಲಿನ ಏಣಿ’ ಎಂಬ ಕ್ರಮ ರೂಢಿಗೆ ಬಂತು. ಮೊದಲು ಬಿಸ್ಕತ್ತು, ನಂತರ ಮಫಿನ್, ಪ್ಯಾನ್‌ಕೇಕ್, ಚೀಸ್, ಮೊಸರು, ಕೊನೆಗೆ ಹಾಲು. ಒಂದು ಮೆಟ್ಟಿಲು ಒಗ್ಗಿದ ಮೇಲೆಯೇ ಮುಂದಿನದು. ತೀವ್ರ ಅಲರ್ಜಿ ಇರುವ ಮಕ್ಕಳಿಗೆ ಇದನ್ನು ಮನೆಯಲ್ಲಿ ಮಾಡುವಂತೆಯೇ ಇಲ್ಲ, ಯಾರಿಗೆ ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು.

ಒಬ್ಬ ಸ್ನೇಹಿತರು ಇದನ್ನು ಕೇಳಿ, ಹಾಗಾದರೆ ನಮ್ಮ ಬಾಸುಂದಿ ಎರಡು ಗಂಟೆ ಕುದಿದಿರುತ್ತದಲ್ಲ, ಅದು ಇನ್ನೂ ಒಳ್ಳೆಯದೇ ಆಯಿತು ಎಂದರು. ಅಲ್ಲ ಸ್ವಾಮಿ! ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಕುದಿಗೆ ಜಗ್ಗುವುದಿಲ್ಲ, ಗೋಧಿಯ ಬಲೆಯೂ ಅಲ್ಲಿಲ್ಲ. ಕುದಿದಷ್ಟೂ ಒಂದು ಚಮಚದಲ್ಲಿ ಪ್ರೋಟೀನು ಹೆಚ್ಚುತ್ತದೆ ಅಷ್ಟೆ. ಬಾಸುಂದಿ, ಖೋವಾ ಏಣಿಯ ತುದಿಯ ಮೆಟ್ಟಿಲಿಗೆ ಸೇರಿದವು.

ಇನ್ನು ನಮ್ಮ ಹೋಟೆಲಿನ ಒಳಗೆ ಬನ್ನಿ. ಏಣಿ ಹತ್ತುತ್ತಿರುವ ಮಗುವಿನ ತಾಯಿ ಕಳೆದ ವರ್ಷ ಬಂದು ಹಾಲಿನ ಯಾವುದೂ ಬೇಡ ಎಂದಿರುತ್ತಾರೆ. ಈ ವರ್ಷ ಅದೇ ಮಗುವಿನ ಕೈಯಲ್ಲಿ ಬಿಸ್ಕತ್ತು ಇರುತ್ತದೆ, ಆದರೆ ಮೊಸರುವಡೆ ಬೇಡ ಎನ್ನುತ್ತಾರೆ. ನಮ್ಮ ಹುಡುಗರು ಅಡಿಗೆಮನೆಗೆ ಬಂದು ನಗುತ್ತಾರೆ, ಬಿಸ್ಕತ್ತಿನಲ್ಲಿ ಹಾಲಿಲ್ಲವೇ, ಎಲ್ಲ ನಾಟಕ ಎನ್ನುತ್ತಾರೆ. ನಮ್ಮಲ್ಲಿಯೇ ಒಬ್ಬ ಸಪ್ಲೈಯರ್ ಹಾಗಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ನಾಟಕವೆಂದು ಒಮ್ಮೆ ನಂಬಿದವನು ‘ಒಣ್ಣುಂ ಆಗಾದು’ ಎಂದು ಧೈರ್ಯವಾಗಿ ಹೇಳಿಬಿಡುತ್ತಾನೆ. ಆ ತಾಯಿಯಾದರೋ ಮನೆಯಲ್ಲಿ ಚಮಚ ಅಳೆದು, ತಿಂಗಳುಗಟ್ಟಲೆ ಕಾದು ಮೂರನೆಯ ಮೆಟ್ಟಿಲಿಗೆ ಬಂದಿರುತ್ತಾರೆ. ನಮ್ಮ ಒಂದು ದೋಸೆ ಎಲ್ಲವನ್ನೂ ಕೆಳಗೆ ತಳ್ಳಬಹುದು. ಮಗು ಹೆದರಿ ಮತ್ತೆ ಏನನ್ನೂ ಬಾಯಿಗೆ ಹಾಕದಿರಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಆಗಿದೆ ಕೂಡ. 2017ರಲ್ಲಿ ಲಂಡನ್ನಿನ ಒಂದು ರೆಸ್ಟೋರೆಂಟಿನಲ್ಲಿ ಹದಿನೆಂಟನೆಯ ಹುಟ್ಟುಹಬ್ಬ ಆಚರಿಸಲು ಬಂದ ಯುವಕನೊಬ್ಬ, ತನಗೆ ಅಲರ್ಜಿ ಇದೆ ಎಂದು ಸಿಬ್ಬಂದಿಗೆ ಹೇಳಿಯೇ ಊಟ ಮಾಡಿದ. ಮಾಂಸವನ್ನು ಮಜ್ಜಿಗೆಯಲ್ಲಿ ನೆನೆಸಿಟ್ಟಿದ್ದ ವಿಷಯ ಮೆನುವಿನಲ್ಲಿ ಇರಲಿಲ್ಲ. ಅಂದೇ ತೀರಿಕೊಂಡ. ಮಜ್ಜಿಗೆ ಎಂಬ ಮಾತು ಓದಿದಾಗ ನಮ್ಮ ರವೆದೋಸೆ ಕಣ್ಣ ಮುಂದೆ ಬಂದು ನನ್ನ ಕೈ ನಡುಗಿತು.

ಚೆನ್ನೈನ ಉಡುಪಿ ಹೋಟೆಲುಗಳ ಹೆಸರು ಹಾಲಿನ ಮೇಲೆ ನಿಂತದ್ದು ನಿಜ. ದಾಸಪ್ರಕಾಶದ ಐಸ್‌ಕ್ರೀಂ, 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ನಿನ ಕಾಫಿ ನೆನೆಸುವವರು ಇಂದಿಗೂ ಇದ್ದಾರೆ. ಅದರ ಜೊತೆಗೆ ಹಾಲಿಲ್ಲದ ಅಡಿಗೆಯೂ ನಮ್ಮದೇ ಎಂಬುದನ್ನು ಮರೆತಿದ್ದೇವೆ. ಇಡ್ಲಿ, ನೀರುದೋಸೆ, ಪತ್ರೊಡೆ, ಕಾಯಿಹಾಲು ಬೆಲ್ಲದ ಹೆಸರುಬೇಳೆ ಪಾಯಸ, ಇವಕ್ಕೆ ಮೇಲೆ ತುಪ್ಪ ಸುರಿಯದಿದ್ದರೆ ಆಯಿತು. ವಿಚಾರಿಸಬೇಕಾದವು ಬೇರೆ. ರವೆ ಇಡ್ಲಿ, ಗೋಳಿಬಜೆಗೆ ಮೊಸರು. ಪೊಂಗಲ್, ಬಿಸಿಬೇಳೆಬಾತ್, ಕೇಸರಿಬಾತಿಗೆ ತುಪ್ಪ. ಅವಿಯಲ್ಲಿಗೆ ಮೊಸರು. ತುಪ್ಪದ ರೋಸ್ಟ್ ಎತ್ತಿದ ಕಾವಲಿಯ ಮೇಲೆಯೇ ಹೊಯ್ದ ಸಾದಾ ದೋಸೆ. ಕೆಲವು ಕಡೆ ಸಾಂಬಾರಿನ ಒಗ್ಗರಣೆಗೂ ತುಪ್ಪವೇ.

ಇಷ್ಟೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಎನ್ನುವವರಿಗೆ ಚಾತುರ್ಮಾಸ್ಯ ನೆನಪಿಸುತ್ತೇನೆ. ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಕ್ಷೀರವ್ರತ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಊರಿನಲ್ಲಿ ನಮ್ಮ ಅಡಿಗೆ ಭಟ್ಟರು ಒಂದು ಚೀಟಿಯ ಸಹಾಯವಿಲ್ಲದೆ ಇದನ್ನು ನಡೆಸಿಕೊಂಡು ಬಂದವರು. ವ್ರತದವರು ಪಂಕ್ತಿಯಲ್ಲಿ ಕುಳಿತರೆ, ಒಂದು ಚಮಚ ತಾನೇ, ಏನೂ ಆಗುವುದಿಲ್ಲ ಎಂದು ಯಾವ ಭಟ್ಟರೂ ಹೇಳಲಾರರು. (ಕ್ಷೀರವ್ರತದಲ್ಲಿ ಮೊಸರು ನಡೆಯುತ್ತದೆ, ಅಲರ್ಜಿಯ ಮಗುವಿಗೆ ನಡೆಯುವುದಿಲ್ಲ. ಆ ವ್ಯತ್ಯಾಸ ಹೇಳಿಕೊಡಬೇಕು.) ನಿಷ್ಠೆ ಗೊತ್ತಿಲ್ಲದ ಜನ ನಾವಲ್ಲ.

ಕಾನೂನಿನ ಮಾತು ಎತ್ತಿದರೆ, ಅದು ದೊಡ್ಡವರಿಗೆ ಎನ್ನುತ್ತಾರೆ. ನಿಜ, ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಕೇಂದ್ರ ಲೈಸೆನ್ಸ್ ಇರುವ ಅಥವಾ ಹತ್ತು ಕಡೆಯಾದರೂ ಶಾಖೆ ಇರುವ ಹೋಟೆಲುಗಳಿಗೆ ಅಲರ್ಜಿಯ ಮಾಹಿತಿ ಕೊಡುವುದನ್ನು ಕಡ್ಡಾಯ ಮಾಡಿತು, ಹಾಲು ಆ ಪಟ್ಟಿಯಲ್ಲಿದೆ. ನಮ್ಮಲ್ಲಿ ಬಹುಪಾಲು ಮಂದಿ ಅದರ ಹೊರಗೆ. ಆದರೆ ಮಗುವಿಗೆ ನಮ್ಮ ಶಾಖೆ ಎಷ್ಟೆಂದು ಗೊತ್ತಿರುವುದಿಲ್ಲ. ಕೆಲವರು ಸುಲಭದ ದಾರಿ ಹಿಡಿದು, ಎಲ್ಲ ತಿಂಡಿಗಳಲ್ಲೂ ಹಾಲಿನ ಅಂಶ ಇರಬಹುದು ಎಂದು ಬೋರ್ಡು ಹಾಕಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ವಕೀಲರ ಬೋರ್ಡು. ಇಡ್ಲಿಗೂ ಬಾಸುಂದಿಗೂ ಒಂದೇ ಮಾತು ಹೇಳಿದರೆ ಕೇಳಿದವರಿಗೆ ಏನು ತಿಳಿದಂತಾಯಿತು?

ನಾವು ಮಾಡಿಕೊಂಡದ್ದು ದೊಡ್ಡ ಖರ್ಚಿನದಲ್ಲ. ಹಾಲು, ಅಲರ್ಜಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಪ್ಲೈಯರ್ ಉತ್ತರ ಹೇಳಕೂಡದು, ಮುಖ್ಯ ಅಡಿಗೆಯವರನ್ನೇ ಕರೆಯಬೇಕು. ಗೊತ್ತಿಲ್ಲ ಎನ್ನುವುದಕ್ಕೆ ನಮ್ಮಲ್ಲಿ ಬೈಗುಳವಿಲ್ಲ. ಯಾವುದಕ್ಕೆ ಏನು ಬೀಳುತ್ತದೆ ಎಂಬ ಪಟ್ಟಿ ಕನ್ನಡ, ತಮಿಳು, ಹಿಂದಿಯಲ್ಲಿ ಗೋಡೆಯ ಮೇಲಿದೆ. ಎಣ್ಣೆಗೆ ಮಾತ್ರ ಒಂದು ಚಿಕ್ಕ ಕಾವಲಿ, ಒಂದು ಮೊಗಚುವ ಕೈ ಬೇರೆ ಇಟ್ಟಿದ್ದೇವೆ. ರವೆದೋಸೆಯ ಮಜ್ಜಿಗೆಗೆ ಅಳತೆಯ ಪಾತ್ರೆ ಬಂದಿದೆ, ಮೊದಲು ಕೈ ಬಂದಷ್ಟು ಸುರಿಯುತ್ತಿದ್ದೆವು. ಮಗುವಿಗೆ ಉಸಿರು ಕಟ್ಟಿದರೆ ತಕ್ಷಣ 108, ಸೋಡಾ ಅಲ್ಲ. ಇಷ್ಟಾದರೂ, ನಮ್ಮ ತಿಂಡಿ ಇಂಥ ಮೆಟ್ಟಿಲಿಗೆ ಸರಿಹೋಗುತ್ತದೆ ಎಂದು ಹೇಳಲು ಹೋಗಬೇಡಿ. ಅದು ವೈದ್ಯರ ಕೆಲಸ. ಒಳಗೆ ಏನಿದೆ ಎಂದು ಹೇಳುವುದು ನಮ್ಮ ಕೆಲಸ. ನಮ್ಮ ಸಂಘವೇ ಒಂದು ಮಾದರಿ ಪಟ್ಟಿ ಅಚ್ಚುಹಾಕಿಸಿ ಸದಸ್ಯರಿಗೆಲ್ಲ ಹಂಚಬೇಕೆಂದು ಕೋರುತ್ತೇನೆ. ಅಚ್ಚಿನ ಖರ್ಚಿನಲ್ಲಿ ನನ್ನ ಪಾಲೂ ಇರಲಿ.

ಕಳೆದ ದೀಪಾವಳಿಗೆ ಆ ತಾಯಿ, ಮಗ ಮತ್ತೆ ಬಂದಿದ್ದರು. ಹುಡುಗನಿಗೀಗ ಏಳು ವರ್ಷ. ವೈದ್ಯರು ಹೇಳಿದಂತೆ ನಡೆದು ಮನೆಯಲ್ಲಿ ಪ್ಯಾನ್‌ಕೇಕಿನವರೆಗೆ ಬಂದಿದ್ದೇವೆ ಎಂದರು. ರವೆದೋಸೆಗೆ ಮಜ್ಜಿಗೆ ಎಷ್ಟು ಎಂದು ಕೇಳಿದರು. ಭಟ್ಟರು ಹೊರಗೆ ಬಂದು ಅಳತೆಯ ಪಾತ್ರೆ ತೋರಿಸಿ, ಇಷ್ಟು ಹಿಟ್ಟಿಗೆ ಇಷ್ಟು ಎಂದರು. ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಇವತ್ತು ಇಡ್ಲಿಯೇ ಇರಲಿ ಎಂದರು. ಹುಡುಗ ನಾಲ್ಕು ತಿಂದ.